ಕಾರ್ಯಕ್ಷೇತ್ರದ ನಾಯಕತ್ವದಲ್ಲಿ ಸತ್ಯ ಮತ್ತು ವಿಶ್ವಾಸ

ಹತ್ತು ಜನ ಕೂಡಿ ಮಾಡುವ ಯಾವ ಕೆಲಸಕ್ಕೂ ಒಬ್ಬ ಹಿರಿಯನಿರಬೇಕಾಗುತ್ತದೆ. ಮನೆಗೆ ಯಜಮಾನ, ಶಾಲೆಗೆ ಮುಖ್ಯೋಪಾಧ್ಯಾಯ, ಕಾರ್ಖಾನೆಗೆ ವ್ಯವಸ್ಥಾಪಕ, ಕಛೇರಿಗೆ ಅಧಿಕಾರಿ. ಹೆಸರು ಬೇರೆಯಾದರೂ ಹೊಣೆ ಒಂದೇ. ಈ ಹಿರಿಯನಲ್ಲಿರಬೇಕಾದ ಗುಣಗಳನ್ನು ಎಣಿಸುವಾಗ ದಕ್ಷತೆ, ಶಿಸ್ತು, ದೂರದೃಷ್ಟಿ, ವಾಕ್ಚಾತುರ್ಯ ಮೊದಲಾದುವನ್ನು ಹೇಳುವುದು ವಾಡಿಕೆ. ಪ್ರಾಮಾಣಿಕತೆಯನ್ನೂ ತಪ್ಪದೆ ಹೇಳುತ್ತಾರೆ. ಆದರೆ ಹಾಗೆ ಹೇಳುವಾಗ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಹಣಕಾಸಿನ ಪ್ರಾಮಾಣಿಕತೆ ಮಾತ್ರ. ಲಂಚ ಮುಟ್ಟದವನು, ಸಂಸ್ಥೆಯ ಕಾಸನ್ನು ಸ್ವಂತಕ್ಕೆ ಬಳಸದವನು ಪ್ರಾಮಾಣಿಕನೆನಿಸಿಕೊಳ್ಳುತ್ತಾನೆ. ಅದು ದೊಡ್ಡ ಗುಣವೇ ಸರಿ. ಆದರೆ ಕೈ ಶುದ್ಧವಾಗಿದ್ದೂ ಕೈಕೆಳಗಿನವರಿಂದ ಕೆಟ್ಟ ಸುದ್ದಿಯನ್ನು ಕೇಳಲೊಲ್ಲದ ಅಧಿಕಾರಿಗಳು ಎಷ್ಟೋ ಮಂದಿ ಇದ್ದಾರೆ. ಅಂಥವರ ಹತ್ತಿರ ದುಡಿಯುವವರು ಬಹುಬೇಗ ಒಂದು ವಿದ್ಯೆಯನ್ನು ಕಲಿತುಬಿಡುತ್ತಾರೆ. ಅದು ಸಾಹೇಬರಿಗೆ ಹಿತವಾದುದನ್ನಷ್ಟೇ ಹೇಳುವ ವಿದ್ಯೆ. ಅಲ್ಲಿ ಯಾರೂ ಸುಳ್ಳು ಹೇಳಬೇಕೆಂದು ಸಂಕಲ್ಪ ಮಾಡಿರುವುದಿಲ್ಲ. ಆದರೂ ಸತ್ಯವು ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗುವುದಿಲ್ಲ.

ನಾಯಕನಾದವನು ತಾನು ಸತ್ಯವನ್ನು ನುಡಿದರೆ ಸಾಲದು, ತನ್ನ ಮುಂದೆ ಇತರರು ಸತ್ಯವನ್ನು ನುಡಿಯುವಂತಿರಬೇಕು. ಈ ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಅದಕ್ಕೆ ಉಪದೇಶದಿಂದ ಉಪಯೋಗವಿಲ್ಲ. ‘ನನ್ನ ಹತ್ತಿರ ಯಾರು ಬೇಕಾದರೂ ಮುಕ್ತವಾಗಿ ಮಾತನಾಡಬಹುದು’ ಎಂದು ಸಭೆಯಲ್ಲಿ ಘೋಷಿಸದ ಅಧಿಕಾರಿ ಯಾರಿದ್ದಾನೆ? ಕೈಕೆಳಗಿನವರು ಆ ಘೋಷಣೆಯನ್ನು ನಂಬುವುದಿಲ್ಲ. ಹಿಂದೊಮ್ಮೆ ತಪ್ಪೊಪ್ಪಿಕೊಂಡವನಿಗೆ ಏನಾಯಿತು ಎಂಬುದನ್ನು ನೋಡಿ ಅವರು ತೀರ್ಮಾನಕ್ಕೆ ಬರುತ್ತಾರೆ. ಈ ಮಾತನ್ನು ಪರಿಶೀಲಿಸುವುದಕ್ಕೆ ಎರಡು ಘಟನೆಗಳು ಸಹಾಯಕವಾಗಿವೆ. ಎರಡೂ ಬಾಹ್ಯಾಕಾಶ ವಿಜ್ಞಾನಕ್ಕೆ ಸಂಬಂಧಿಸಿದವು. ಒಂದು ನಮ್ಮ ದೇಶದ್ದು, ಇನ್ನೊಂದು ಅಮೆರಿಕದ್ದು. ಎರಡರಲ್ಲಿಯೂ ಉಡಾವಣೆಗೆ ಮುನ್ನ ಎಚ್ಚರಿಕೆಯ ಗಂಟೆ ಬಾರಿಸಿತ್ತು, ಎರಡರಲ್ಲಿಯೂ ಅದನ್ನು ಕಡೆಗಣಿಸಲಾಯಿತು.

ನಮ್ಮ ದೇಶದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಅಸ್ತಿಭಾರ ಹಾಕಿದ ಡಾ. ವಿಕ್ರಮ್ ಸಾರಾಭಾಯಿ ಅವರು 1971ರ ಡಿಸೆಂಬರ್ 30ರಂದು ಹಠಾತ್ತನೆ ನಿಧನರಾದರು. ಆ ಹೊಣೆಯನ್ನು ಮುಂದೆ ವಹಿಸಿಕೊಂಡವರು ಪ್ರೊ. ಸತೀಶ್ ಧವನ್. ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಜನರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ರೂಢಿಯಲ್ಲಿರುವ ವಿದ್ಯಾಸಂಸ್ಥೆಯ ನಿರ್ದೇಶಕರಾಗಿದ್ದರು. ಅಧ್ಯಯನಕ್ಕಾಗಿ ರಜೆಯ ಮೇಲೆ ಕ್ಯಾಲಿಫೋರ್ನಿಯಕ್ಕೆ ಹೋಗಿದ್ದ ಅವರನ್ನು ಪ್ರಧಾನಿ ಇಂದಿರಾ ಗಾಂಧಿಯವರು ಆಹ್ವಾನಿಸಿದಾಗ ಅವರು ಎರಡು ಷರತ್ತುಗಳನ್ನು ಮುಂದಿಟ್ಟರು. ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಛೇರಿ ಬೆಂಗಳೂರಿನಲ್ಲಿರಬೇಕು. ಎರಡಕ್ಕೂ ಒಪ್ಪಿಗೆ ದೊರೆಯಿತು. ಇಂದು ಕನ್ನಡನಾಡಿನ ರಾಜಧಾನಿಯಲ್ಲಿ ಬಾಹ್ಯಾಕಾಶ ಸಂಸ್ಥೆಯ ಮುಖ್ಯ ಕಛೇರಿ ಇರುವುದು ಬಹುಮಟ್ಟಿಗೆ ಒಬ್ಬ ಅಧ್ಯಾಪಕನು ತನ್ನ ವಿದ್ಯಾರ್ಥಿಗಳನ್ನು ಬಿಟ್ಟು ಹೋಗಲು ಒಪ್ಪದಿದ್ದುದರ ಫಲವೆಂದರೆ ತಪ್ಪಾಗಲಾರದು. ಶ್ರೀನಗರದಲ್ಲಿ 1920ರಲ್ಲಿ ಜನಿಸಿದ ಧವನರು ಬೆಂಗಳೂರಿಗೆ ಬಂದದ್ದು 1951ರಲ್ಲಿ; 2002ರ ಜನವರಿ 3ರಂದು ದೇಹಬಿಟ್ಟದ್ದೂ ಈ ಊರಿನಲ್ಲಿಯೇ.

ಅವರ ಅಧಿಕಾರಾವಧಿಯ ಮುಖ್ಯ ಯೋಜನೆಗಳಲ್ಲಿ ಉಪಗ್ರಹ ಉಡಾವಣಾ ವಾಹನ, ಎಂದರೆ ಎಸ್.ಎಲ್.ವಿ.-3, ಒಂದು. ನಮ್ಮ ದೇಶದ ಮೊದಲ ಉಪಗ್ರಹ ‘ಆರ್ಯಭಟ’ವು 1975ರಲ್ಲಿ ಕಕ್ಷೆ ಸೇರಿತ್ತಾದರೂ, ಪೀಣ್ಯದಲ್ಲಿ ಸಿದ್ಧವಾದ ಅದನ್ನು ಮೇಲಕ್ಕೆ ಒಯ್ದದ್ದು ರಷ್ಯದ ರಾಕೆಟ್ಟು. ನಮ್ಮದೇ ವಾಹನದಿಂದ ನಮ್ಮದೇ ಉಪಗ್ರಹವನ್ನು ಕಕ್ಷೆಗೆ ಸೇರಿಸಬೇಕೆಂಬುದು ಈ ಹೊಸ ಯೋಜನೆಯ ಗುರಿ. ನಾಲ್ಕು ಹಂತಗಳುಳ್ಳ, ಸುಮಾರು 22 ಮೀಟರ್ ಎತ್ತರದ, 17 ಟನ್ ತೂಕದ ಈ ವಾಹನದ ಯೋಜನಾ ನಿರ್ದೇಶಕರು ಮುಂದೆ ರಾಷ್ಟ್ರಪತಿಗಳಾದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಹಲವು ವರ್ಷಗಳ ಪರಿಶ್ರಮದ ತರುವಾಯ 1979ರ ಆಗಸ್ಟ್ 10ರ ಬೆಳಿಗ್ಗೆ ಶ್ರೀಹರಿಕೋಟೆಯಿಂದ ಮೊದಲ ಉಡಾವಣೆ ನಿಶ್ಚಯವಾಯಿತು.

ಆ ಬೆಳಿಗ್ಗೆ ನಡೆದುದನ್ನು ಕಲಾಂ ಅವರೇ ಆತ್ಮಕಥೆಯಲ್ಲಿಯೂ ಅನೇಕ ಭಾಷಣಗಳಲ್ಲಿಯೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಉಡಾವಣೆಗೆ ಕೆಲವೇ ನಿಮಿಷಗಳಿರುವಾಗ ಗಣಕಯಂತ್ರವು ಎಣಿಕೆಯನ್ನು ನಿಲ್ಲಿಸಿತು. ಎರಡನೆಯ ಹಂತದ ದಿಕ್ಕನ್ನು ಹತೋಟಿಯಲ್ಲಿಡುವ ವ್ಯವಸ್ಥೆಯಲ್ಲಿ ನೈಟ್ರಿಕ್ ಆಮ್ಲದ ಸೋರಿಕೆ ಕಂಡುಬಂದಿತ್ತು. ಹಿಂದೆ ನಿಂತಿದ್ದ ತಜ್ಞರು ಲೆಕ್ಕ ಹಾಕಿ, ಉಳಿದಿರುವುದು ಸಾಕಾಗುತ್ತದೆ, ಅಂಜಬೇಕಾಗಿಲ್ಲ ಎಂದರು. ತೀರ್ಮಾನ ಮಾಡಬೇಕಾದವರು ಕಲಾಂ. ಅವರು ಯಂತ್ರದ ಆಕ್ಷೇಪವನ್ನು ಬದಿಗಿರಿಸಿ ಉಡಾವಣೆಗೆ ಅಪ್ಪಣೆಯಿತ್ತರು. ಮೊದಲ ಹಂತ ಸರಿಯಾಗಿ ಕೆಲಸ ಮಾಡಿತು. ಎರಡನೆಯ ಹಂತದಲ್ಲಿ ವಾಹನವು ಹತೋಟಿ ತಪ್ಪಿತು. ಹೊರಟು 317 ಸೆಕೆಂಡುಗಳಲ್ಲಿ, ಉಪಗ್ರಹ ಸಹಿತವಾಗಿ, ಬಂಗಾಳ ಕೊಲ್ಲಿಯ ಪಾಲಾಯಿತು.

ಬಡದೇಶದ ಹಣ ನೀರಿಗೆ ಬಿತ್ತು ಎಂದು ಟೀಕಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಪತ್ರಿಕಾ ಪ್ರತಿನಿಧಿಗಳು ಶ್ರೀಹರಿಕೋಟೆಯಲ್ಲಿಯೇ ಕಾದು ಕುಳಿತಿದ್ದರು. ಆಗ ಪ್ರೊ. ಧವನರು ತಾವೇ ಪತ್ರಿಕಾಗೋಷ್ಠಿಯನ್ನು ನಡೆಸಿದರು. ಸೋತಿದ್ದೇವೆ ಎಂದು ಒಪ್ಪಿಕೊಂಡರು, ಸಂಸ್ಥೆಯ ಅಧ್ಯಕ್ಷನಾಗಿ ಹೊಣೆ ತಮ್ಮದೆಂದರು, ತಮ್ಮ ತಂಡದಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದೂ ಒಂದು ವರ್ಷದೊಳಗೆ ಅದು ಗೆದ್ದೇ ಗೆಲ್ಲುತ್ತದೆಂದೂ ಹೇಳಿದರು. ಕಲಾಂ ಅವರ ಹೆಸರನ್ನು ಮುಂದಕ್ಕೆ ತಳ್ಳಲಿಲ್ಲ. ಸುಮಾರು 11 ತಿಂಗಳ ಮೇಲೆ, 1980ರ ಜುಲೈ 18ರಂದು, ಅದೇ ಮಾದರಿಯ ವಾಹನವು 35 ಕಿಲೋಗ್ರಾಂ ತೂಕದ ‘ರೋಹಿಣಿ’ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದೂ ಪತ್ರಿಕಾಗೋಷ್ಠಿ ನಡೆಯಿತು. ಈ ಸಲ ಧವನರು ಹಿಂದೆ ಉಳಿದು, ಗೋಷ್ಠಿಯನ್ನು ನಡೆಸುವಂತೆ ಕಲಾಂ ಅವರನ್ನು ಕಳುಹಿಸಿದರು.

ಈ ಕಥೆಯನ್ನು ಇಲ್ಲಿಗೆ ಮುಗಿಸಿ, ಸೋಲು ತನ್ನದು ಗೆಲುವು ಇತರರದು ಎಂಬ ನೀತಿಯನ್ನು ತೆಗೆದು ತೋರಿಸುವುದು ಭಾಷಣಕಾರರ ಸಂಪ್ರದಾಯ. ಕಥೆ ಅಷ್ಟು ಹಸನಾಗಿಯೇ ಇದೆ. ಆದರೆ ಪತ್ರಿಕಾಗೋಷ್ಠಿಯಷ್ಟೇ ಮುಖ್ಯವಾದ, ಹೆಚ್ಚಾಗಿ ಯಾರೂ ಎತ್ತಿಹೇಳದ ಇನ್ನೊಂದು ಭಾಗ ನಡುವೆ ಇದೆ. ಸೋಲಿನ ಮರುದಿನದಿಂದಲೇ ಕಾರಣಶೋಧನೆ ಪ್ರಾರಂಭವಾಯಿತು. ಅದಕ್ಕೆಂದೇ ನೇಮಕವಾದ ಸಮಿತಿಯೊಂದು ದಾಖಲೆಗಳನ್ನೆಲ್ಲ ಜಾಲಾಡಿ, ಒಂದು ಕವಾಟದಲ್ಲಿ ಕಶ್ಮಲ ಸೇರಿಕೊಂಡಿದ್ದರಿಂದ ಅದು ಮುಚ್ಚಿಕೊಳ್ಳದೆ ಹೋಯಿತೆಂದೂ, ಉಡಾವಣೆಗೆ ಎಂಟು ನಿಮಿಷ ಮುಂಚಿನಿಂದಲೇ ಆಮ್ಲ ಸೋರಿಹೋಯಿತೆಂದೂ, ಆ ಕಾರಣದಿಂದ ಎರಡನೆಯ ಹಂತಕ್ಕೆ ಹತೋಟಿಯ ಬಲವೇ ಇಲ್ಲವಾಯಿತೆಂದೂ ಕಂಡುಹಿಡಿಯಿತು. ಈ ನಿರ್ಣಯವನ್ನು ಧವನರ ಮುಂದೆ, ಹಿರಿಯ ವಿಜ್ಞಾನಿಗಳ ಸಭೆಯಲ್ಲಿ ಮಂಡಿಸಲಾಯಿತು. ತಾಂತ್ರಿಕ ಕಾರಣ ಸಿಕ್ಕಿತೆಂದು ಎಲ್ಲರೂ ಸಮಾಧಾನಪಟ್ಟಿದ್ದ ಹೊತ್ತಿನಲ್ಲಿ ಕಲಾಂ ಎದ್ದು ನಿಂತರು. ಸೋರಿಕೆ ಕಂಡಾಗಲೂ ಅದನ್ನು ಅಲ್ಪವೆಂದು ಭಾವಿಸಿ ಉಡಾವಣೆಯನ್ನು ನಿಲ್ಲಿಸದೆ ಹೋದ ತಪ್ಪು ತಮ್ಮದು ಎಂದು ಹೇಳಿದರು. ಸಮಿತಿಯ ವರದಿಯು ಕವಾಟದ ಮೇಲೆ ಹೊರಿಸಿದ್ದುದನ್ನು ಮನುಷ್ಯನು ತನ್ನ ಮೇಲೆ ಎಳೆದುಕೊಂಡನು. ಧವನರು ಅವರಿಗೆ ಶಿಕ್ಷೆ ವಿಧಿಸಲಿಲ್ಲ. ಯೋಜನೆಯಿಂದ ತೆಗೆಯಲೂ ಇಲ್ಲ. ಕಲಾಂ ಅವರನ್ನೇ ಕಕ್ಷೆಗೆ ಸೇರಿಸುತ್ತೇನೆಂಬರ್ಥದ ಒಂದು ಹಾಸ್ಯದ ಮಾತನ್ನು ಆಡಿ ಸಭೆಯನ್ನು ಮುಗಿಸಿದರಂತೆ.

ಇಲ್ಲಿ ಸೂಕ್ಷ್ಮವಾದ ಒಂದು ಆಕ್ಷೇಪವನ್ನು ಎತ್ತಬಹುದು. ಗುಂಡಿಯೊತ್ತುವ ತೀರ್ಮಾನ ಮಾಡಿದವರು ಕಲಾಂ. ಹೊಣೆ ನನ್ನದೆಂದವರು ಧವನ್. ಹಾಗಾದರೆ ಧವನರು ನುಡಿದದ್ದು ಸತ್ಯವೇ? ಔದಾರ್ಯದ ಹೆಸರಿನಲ್ಲಿ ಒಂದು ಸುಳ್ಳನ್ನು ಹೇಳಿದಂತಾಗಲಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಮಾಡಿದವನದು, ಹೊಣೆ ಅವನನ್ನು ಆ ಸ್ಥಾನದಲ್ಲಿ ಕೂರಿಸಿದವನದು. ಹೊರಗಿನ ಜನ ಪ್ರಶ್ನಿಸಿದಾಗ ಉತ್ತರ ಕೊಡಬೇಕಾದವನು ಹೊಣೆಗಾರ. ಒಳಗಿನ ಸಭೆಯಲ್ಲಿ ಮಾತ್ರ ತಪ್ಪಿನ ಮಾತು ಬರಬೇಕು, ಅಲ್ಲಿ ಅದು ಪೂರ್ತಿಯಾಗಿ ಬರಬೇಕು. ಧವನರು ವ್ಯಕ್ತಿಯನ್ನು ರಕ್ಷಿಸಿದರು; ತಪ್ಪನ್ನು ರಕ್ಷಿಸಲಿಲ್ಲ. ಅದನ್ನು ಕವಾಟದ ಮಟ್ಟದವರೆಗೆ ಬಿಚ್ಚಿನೋಡಿಸಿದರು. ನಮ್ಮ ಬಹುಪಾಲು ಕಛೇರಿಗಳಲ್ಲಿ ನಡೆಯುವುದು ಇದರ ವಿಲೋಮ. ಹೊರಗೆ ಗದ್ದಲವಾದರೆ ಕೆಳಗಿನ ಗುಮಾಸ್ತನೊಬ್ಬನನ್ನು ಅಮಾನತಿನಲ್ಲಿಟ್ಟು ಕೈತೊಳೆದುಕೊಳ್ಳುತ್ತಾರೆ. ಒಳಗೆ ತಪ್ಪು ಹೇಗಾಯಿತೆಂದು ಯಾರೂ ವಿಚಾರಿಸುವುದಿಲ್ಲ. ವ್ಯಕ್ತಿ ಬಲಿಯಾದ, ತಪ್ಪು ಬದುಕಿತು. ಕೆಲವು ಕಡೆಗಳಲ್ಲಂತೂ ಎರಡನ್ನೂ ರಕ್ಷಿಸುವ ಜಾಣತನವಿದೆ. ಅದಕ್ಕೆ ‘ನಮ್ಮವರು’ ಎಂಬ ಸುಂದರ ಹೆಸರೂ ಇದೆ.

ಇನ್ನೊಂದು ಘಟನೆ ಕರುಣಾಜನಕವಾದದ್ದು. 1986ರ ಜನವರಿ 28ರಂದು ಅಮೆರಿಕದ ‘ಚಾಲೆಂಜರ್’ ಎಂಬ ಬಾಹ್ಯಾಕಾಶ ನೌಕೆಯು ಫ್ಲಾರಿಡದಿಂದ ಹೊರಟ 73 ಸೆಕೆಂಡುಗಳಲ್ಲಿ ಆಕಾಶದಲ್ಲಿಯೇ ನುಚ್ಚುನೂರಾಯಿತು. ಏಳು ಮಂದಿ ಅಸುನೀಗಿದರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ, ಕ್ರಿಸ್ಟಾ ಮೆಕ್ಆಲಿಫ್. ಬಾಹ್ಯಾಕಾಶದಿಂದ ಮಕ್ಕಳಿಗೆ ಪಾಠ ಹೇಳುವುದಕ್ಕಾಗಿ 11,000ಕ್ಕೂ ಹೆಚ್ಚು ಶಿಕ್ಷಕರ ನಡುವಿನಿಂದ ಆಯ್ಕೆಯಾದವರು ಅವರು. ಆ ದೇಶದ ಅಸಂಖ್ಯ ಶಾಲೆಗಳಲ್ಲಿ ಮಕ್ಕಳು ಟೆಲಿವಿಷನ್ ಮುಂದೆ ಕುಳಿತು ಆ ದೃಶ್ಯವನ್ನು ನೋಡುತ್ತಿದ್ದರು.

ನೌಕೆಯ ಇಕ್ಕೆಲದ ರಾಕೆಟ್ಟುಗಳ ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯಲು ರಬ್ಬರಿನ ಬಳೆಗಳಿದ್ದವು. ಚಳಿಯಲ್ಲಿ ರಬ್ಬರು ಪೆಡಸಾಗಿ ಕೀಲಿಗೆ ಅಂಟಿಕೊಳ್ಳುವುದಿಲ್ಲ. ಆ ರಾಕೆಟ್ಟುಗಳನ್ನು ತಯಾರಿಸಿದ ಮಾರ್ಟನ್ ಥಯೊಕಾಲ್ ಸಂಸ್ಥೆಯ ಎಂಜಿನಿಯರ್ ರೋಜರ್ ಬಾಯ್ಜೋಲಿ ಎಂಬುವರು ಅಪಘಾತಕ್ಕೆ ಆರು ತಿಂಗಳು ಮೊದಲೇ, 1985ರ ಜುಲೈನಲ್ಲಿ, ಈ ದೋಷದಿಂದ ಪ್ರಾಣಹಾನಿಯಾದೀತೆಂದು ತಮ್ಮ ಮೇಲಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿದ್ದರು. ಉಡಾವಣೆಯ ಹಿಂದಿನ ರಾತ್ರಿ ಕೊರೆಯುವ ಚಳಿಯ ಮುನ್ಸೂಚನೆ ಬಂದಾಗ ಮೂರು ಊರುಗಳ ಅಧಿಕಾರಿಗಳು ದೂರವಾಣಿಯಲ್ಲಿ ಸಭೆ ಸೇರಿದರು. ಉಷ್ಣತೆ 53 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆಯಿದ್ದರೆ ಉಡಾಯಿಸಬಾರದೆಂದು ಎಂಜಿನಿಯರುಗಳು ಹೇಳಿದರು. ನಾಸಾದ ಅಧಿಕಾರಿಗಳು ಅಸಮಾಧಾನಗೊಂಡರು. ಸಂಸ್ಥೆಯವರು ಸ್ವಲ್ಪ ಸಮಯ ಕೇಳಿ ತಮ್ಮೊಳಗೆ ಚರ್ಚಿಸಿದರು. ಆ ಚರ್ಚೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಎಂಜಿನಿಯರನ ಟೊಪ್ಪಿಗೆಯನ್ನು ತೆಗೆದಿಟ್ಟು ವ್ಯವಸ್ಥಾಪಕನ ಟೊಪ್ಪಿಗೆಯನ್ನು ಹಾಕಿಕೊಳ್ಳುವಂತೆ ಸೂಚಿಸಿದರು. ಮುಖ್ಯಸ್ಥರು ಅಭಿಪ್ರಾಯ ಬದಲಿಸಿದರು. ಉಡಾವಣೆಗೆ ಅಡ್ಡಿಯಿಲ್ಲವೆಂಬ ಪತ್ರ ಹೋಯಿತು. ಫ್ಲಾರಿಡದಲ್ಲಿದ್ದ ಅದೇ ಸಂಸ್ಥೆಯ ಅಲನ್ ಮೆಕ್‌ಡೊನಾಲ್ಡ್ ಎಂಬುವರು ಆ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದರು. ಸಹಿ ಮಾಡುವವರು ಬೇರೊಬ್ಬರು ಸಿಕ್ಕಿದರು.

ಈ ಪ್ರಕರಣದಲ್ಲಿ ಹಣದ ಅವ್ಯವಹಾರವಿಲ್ಲ. ಮಂಜಿನಲ್ಲಿ ಏಳು ಜೀವಗಳನ್ನು ಬಲಿಕೊಡಬೇಕೆಂದು ಯಾರೂ ಬಯಸಿದವರಲ್ಲ. ಆದರೆ ಆ ಸಭೆಯ ಸ್ವರೂಪವೇ ತಲೆಕೆಳಗಾಗಿತ್ತು. ಎಂದಿನ ಪದ್ಧತಿಯಂತೆ ಸುರಕ್ಷಿತವೆಂದು ಸಾಧಿಸಿದ ಮೇಲೆ ಉಡಾಯಿಸಬೇಕು. ಅಂದು ರಾತ್ರಿ ಅಪಾಯವಿದೆಯೆಂದು ಸಾಧಿಸುವ ಭಾರವನ್ನು ಎಂಜಿನಿಯರುಗಳ ಮೇಲೆ ಹೊರಿಸಲಾಗಿತ್ತು. ಸತ್ಯವನ್ನು ಹೇಳಿದವನಿಗೆ, ಪುರಾವೆ ಸಾಲದು, ಇನ್ನಷ್ಟು ತಾ ಎನ್ನುವುದು. ಹಿತವಾದುದನ್ನು ಹೇಳಿದವನಿಂದ ಪುರಾವೆಯನ್ನೇ ಕೇಳದಿರುವುದು. ಈ ಪಕ್ಷಪಾತವನ್ನು ಅಪ್ರಾಮಾಣಿಕತೆಯೆಂದು ಯಾರೂ ಕರೆಯುವುದಿಲ್ಲ, ಆದರೂ ಅದು ಅದೇ. ತನಿಖಾ ಆಯೋಗವು 1986ರ ಜೂನ್ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಉಡಾವಣೆಗೆ ಅಂತಿಮ ಅಪ್ಪಣೆ ಕೊಟ್ಟ ನಾಸಾದ ಉನ್ನತಾಧಿಕಾರಿಗಳಿಗೆ, ಎಂಜಿನಿಯರುಗಳು ಹಿಂದಿನ ರಾತ್ರಿ ವಿರೋಧಿಸಿದ್ದರೆಂಬ ವಿಷಯವೇ ತಿಳಿದಿರಲಿಲ್ಲ! ನಡುವಿನ ಮೆಟ್ಟಿಲಲ್ಲಿ ಎಲ್ಲಿಯೋ ಅದು ನಿಂತುಹೋಗಿತ್ತು.

ಅಪಘಾತದ ಬಳಿಕ ಆಯೋಗದ ಮುಂದೆ ನಿಜವನ್ನು ಹೇಳಿದ ಮೆಕ್‌ಡೊನಾಲ್ಡರನ್ನು ಅವರ ಸಂಸ್ಥೆ ಮೂಲೆಗೆ ತಳ್ಳಿತು. ಅಮೆರಿಕದ ಸಂಸತ್ತಿನ ಸದಸ್ಯರು ಮಧ್ಯೆ ಪ್ರವೇಶಿಸಿದ ಮೇಲಷ್ಟೇ ಅವರಿಗೆ ಸ್ಥಾನ ದೊರೆತು, ಕೀಲುಗಳ ಮರುವಿನ್ಯಾಸದ ಹೊಣೆಯೂ ಅವರಿಗೇ ಬಂತು. 1988ರ ಸೆಪ್ಟೆಂಬರಿನಲ್ಲಿ ನೌಕೆಗಳು ಮತ್ತೆ ಹಾರತೊಡಗಿದ್ದು ಆ ಹೊಸ ಕೀಲುಗಳ ಬಲದಿಂದ. ಬಾಯ್ಜೋಲಿ ಮಾತ್ರ ಆ ಸಂಸ್ಥೆಯಲ್ಲಿ ಉಳಿಯಲಾಗದೆ ಹೊರಬಂದು, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೃತ್ತಿಧರ್ಮವನ್ನು ಬೋಧಿಸುತ್ತ ಉಳಿದ ಕಾಲವನ್ನು ಕಳೆದರು.

ಎರಡು ಘಟನೆಗಳನ್ನು ತಕ್ಕಡಿಯಲ್ಲಿಟ್ಟು ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದು ಸುಲಭ. ಆದರೆ ನ್ಯಾಯವಾಗಿ ನೋಡಿದರೆ 1979ರಲ್ಲಿ ನಮ್ಮವರೂ ಎಚ್ಚರಿಕೆಯನ್ನು ಮೀರಿಯೇ ಮುಂದುವರಿದರು. ವಾಹನದಲ್ಲಿ ಮನುಷ್ಯರಿರಲಿಲ್ಲವೆಂಬುದು ದೇಶದ ಪುಣ್ಯ. ಪ್ರಾಣಹಾನಿಯಾಗಿದ್ದರೆ ಧವನರ ಔದಾರ್ಯಕ್ಕೆ ಅಷ್ಟು ಅವಕಾಶವಿರುತ್ತಿತ್ತೋ ಇಲ್ಲವೋ. ಆತುರ, ಗಡುವು, ಎಲ್ಲರ ಕಣ್ಣು ತಮ್ಮ ಮೇಲಿದೆಯೆಂಬ ಒತ್ತಡ ಎಲ್ಲ ದೇಶದ ಮನುಷ್ಯರಿಗೂ ಒಂದೇ. ವ್ಯತ್ಯಾಸವಿರುವುದು ಬೇರೆ ಕಡೆ. ತಪ್ಪು ಮಾಡಿದವನು ಎದ್ದು ನಿಂತು ಅದನ್ನು ತಾನಾಗಿ ಹೇಳಿದ್ದು ಒಂದು ಕಡೆ. ತಪ್ಪಾಗುವ ಮುಂಚೆಯೇ ಹೇಳಿದವನ ಮಾತು ಮೇಲಕ್ಕೆ ಏರದೆ ಹೋದದ್ದು, ಬಳಿಕ ಹೇಳಿದವನು ಮೂಲೆಗೆ ಬಿದ್ದದ್ದು ಇನ್ನೊಂದು ಕಡೆ. ಕಲಾಂ ಅವರಿಗೆ ಎದ್ದು ನಿಲ್ಲುವ ಧೈರ್ಯ ಬಂದದ್ದು ಅವರ ಸ್ವಭಾವದಿಂದ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪತ್ರಿಕಾಗೋಷ್ಠಿಯಲ್ಲಿ ಅಧ್ಯಕ್ಷರು ತಮ್ಮನ್ನು ಮುಂದಕ್ಕೆ ತಳ್ಳಲಿಲ್ಲವೆಂಬುದನ್ನು ಕಂಡವನಿಗೆ ಅದು ಎಷ್ಟು ಸುಲಭವಾಗಿರಬೇಕು!

ಒಮ್ಮೆ ಹೀಗೆ ನೆಲೆಯೂರಿದ ಪದ್ಧತಿ ಒಬ್ಬ ವ್ಯಕ್ತಿಯೊಡನೆ ಮುಗಿದುಹೋಗುವುದಿಲ್ಲ. ಧವನರ ತರುವಾಯ 1984ರಲ್ಲಿ ಅಧ್ಯಕ್ಷಸ್ಥಾನಕ್ಕೆ ಬಂದ ಪ್ರೊ. ಯು.ಆರ್. ರಾವ್ ಅವರು ಉಡುಪಿಯ ಬಳಿಯ ಅದಮಾರಿನವರು, ಕನ್ನಡಿಗರು. ಅವರ ಕಾಲದಲ್ಲಿ ಎ.ಎಸ್.ಎಲ್.ವಿ. ಎಂಬ ಮುಂದಿನ ವಾಹನವು 1987ರಲ್ಲಿ ಸೋತಿತು, 1988ರಲ್ಲಿ ಮತ್ತೆ ಸೋತಿತು. ಎರಡು ಸಲವೂ ಕಾರಣಗಳನ್ನು ಸಮಿತಿಗಳು ಬಿಡಿಸಿ ನೋಡಿದವು. 1992ರ ಮೇ ತಿಂಗಳಲ್ಲಿ ಅದೇ ವಾಹನ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 1993ರಲ್ಲಿ ಪಿ.ಎಸ್.ಎಲ್.ವಿ.ಯ ಮೊದಲ ಯತ್ನ ವಿಫಲವಾಗಿ ಮರುವರ್ಷವೇ ಸಫಲವಾಯಿತು. 2019ರ ಸೆಪ್ಟೆಂಬರಿನಲ್ಲಿ ‘ಚಂದ್ರಯಾನ-2’ರ ಇಳಿನೌಕೆ ಚಂದ್ರನ ನೆಲಕ್ಕೆ ಅಪ್ಪಳಿಸಿದ ಮೇಲೆ, ಏನು ತಪ್ಪಿತೆಂದು ಹುಡುಕಿ ತಿದ್ದಿಕೊಂಡೇ 2023ರ ಆಗಸ್ಟ್ 23ರಂದು ‘ಚಂದ್ರಯಾನ-3’ ಅಲ್ಲಿ ಮೆಲ್ಲನೆ ಇಳಿದದ್ದು. ಸೋಲನ್ನು ಬಿಚ್ಚಿನೋಡಲು ಹೆದರುವ ಸಂಸ್ಥೆಗೆ ಈ ದಾರಿ ಸಿಕ್ಕುತ್ತಿರಲಿಲ್ಲ.

ರಾಕೆಟ್ಟಿನ ಮಾತು ಶಾಲೆಗೆ ಹೇಗೆ ಅನ್ವಯಿಸುತ್ತದೆಂದು ಕೇಳುವವರಿರಬಹುದು. ಶಾಲೆಯಲ್ಲಿಯೂ ಕವಾಟಗಳಿವೆ, ಅವು ಸೋರುತ್ತವೆ. ಸದ್ದು ಮಾತ್ರ ಆಗುವುದಿಲ್ಲ. ಡಿಸೆಂಬರ್ ಬಂದರೂ ಹತ್ತನೆಯ ತರಗತಿಯ ಗಣಿತದ ಪಾಠಗಳು ಅರ್ಧಕ್ಕೆ ನಿಂತಿವೆಯೆನ್ನಿ. ಅಧ್ಯಾಪಕನಿಗೆ ಮೈಯಲ್ಲಿ ಸ್ವಸ್ಥವಿರಲಿಲ್ಲವೋ, ಮನೆಯಲ್ಲಿ ತಾಪತ್ರಯವೋ, ಅಥವಾ ಅವನು ಸೋಮಾರಿಯೇ ಇರಬಹುದು. ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, ‘ಸರ್, ನಾನು ಹಿಂದೆ ಬಿದ್ದಿದ್ದೇನೆ, ಇಪ್ಪತ್ತು ಹುಡುಗರಿಗೆ ಬೀಜಗಣಿತ ತಲೆಗೆ ಹತ್ತಿಲ್ಲ’ ಎಂದು ಹೇಳುವ ಅವಕಾಶ ಅವನಿಗೆ ಇದೆಯೇ? ಇದ್ದರೆ ಸಂಜೆಯ ವಿಶೇಷ ತರಗತಿ ನಡೆಸಬಹುದು, ಇನ್ನೊಬ್ಬರ ನೆರವು ಪಡೆಯಬಹುದು. ಕಾಲ ಇನ್ನೂ ಮೀರಿಲ್ಲ. ಇಲ್ಲದಿದ್ದರೆ ಅವನು ಪಾಠಯೋಜನೆಯ ಪುಸ್ತಕದಲ್ಲಿ ಎಲ್ಲ ಪಾಠಗಳೂ ಮುಗಿದುವೆಂದು ಬರೆಯುತ್ತಾನೆ. ಮುಖ್ಯೋಪಾಧ್ಯಾಯರು ಅದಕ್ಕೆ ಸಹಿ ಹಾಕುತ್ತಾರೆ. ತನಿಖೆಗೆ ಬಂದ ಅಧಿಕಾರಿಯೂ ಹಾಕುತ್ತಾರೆ. ಮೂರು ಸಹಿಗಳ ಕೆಳಗೆ ಇಪ್ಪತ್ತು ಮಕ್ಕಳು ಹೂತುಹೋಗುತ್ತಾರೆ. ಮಾರ್ಚಿಯ ಪರೀಕ್ಷೆಯಲ್ಲಿ ಅದು ಬಯಲಾದಾಗ ಹುಡುಗರು ದಡ್ಡರೆಂದು ತೀರ್ಮಾನವಾಗುತ್ತದೆ.

ಫಲಿತಾಂಶದ ಶೇಕಡಾವಾರು ಎಂಬುದು ಈ ರೋಗದ ಇನ್ನೊಂದು ಮುಖ. ನೂರಕ್ಕೆ ನೂರು ಎಂದು ಫಲಕ ಹಾಕುವ ಆಸೆ ಎಲ್ಲ ಶಾಲೆಗಳಿಗೂ ಇದೆ, ಅದು ತಪ್ಪಲ್ಲ. ಆದರೆ ದುರ್ಬಲ ವಿದ್ಯಾರ್ಥಿಗಳನ್ನು ಒಂಬತ್ತನೆಯ ತರಗತಿಯಲ್ಲಿಯೇ ತಡೆದೋ, ವರ್ಗಾವಣೆಯ ಪತ್ರ ಕೊಟ್ಟು ಬೇರೆ ಶಾಲೆಗೆ ಸಾಗಹಾಕಿಯೋ ತಂದ ನೂರು ಯಾವ ನೂರು? ಅಂಥ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಓದುವ ಮುಖ್ಯೋಪಾಧ್ಯಾಯರು ತಮ್ಮ ಸಹೋದ್ಯೋಗಿಗಳಿಗೆ ಅಂದು ಒಂದು ಪಾಠ ಹೇಳಿಕೊಟ್ಟಂತೆ, ಸಂಖ್ಯೆ ಚೆಂದವಾಗಿದ್ದರೆ ಅದು ಬಂದ ದಾರಿಯನ್ನು ಇಲ್ಲಿ ಯಾರೂ ಕೇಳುವುದಿಲ್ಲವೆಂದು. ಆ ಪಾಠವನ್ನು ಅಧ್ಯಾಪಕರು ಚೆನ್ನಾಗಿ ಕಲಿಯುತ್ತಾರೆ. ಅವರಿಂದ ಮಕ್ಕಳೂ ಕಲಿಯುತ್ತಾರೆ.

ದಾನಿಗಳ ವಿಷಯದಲ್ಲಿಯೂ ಇದು ನಿಜ. ದಾಸೋಹಕ್ಕೆ, ವಿದ್ಯಾರ್ಥಿನಿಲಯಕ್ಕೆ, ಪ್ರಯೋಗಾಲಯಕ್ಕೆ ಹಣ ಕೊಟ್ಟವರು ಪ್ರತಿ ವರ್ಷ ಕೇಳುವುದು ಕಟ್ಟಡದ ಶಂಕುಸ್ಥಾಪನೆಯ ಸುದ್ದಿಯನ್ನು. ಕಳೆದ ಸಲ ಕೊಟ್ಟ ಹಣದಲ್ಲಿ ಕೊಂಡ ಸೂಕ್ಷ್ಮದರ್ಶಕಗಳಲ್ಲಿ ಎಷ್ಟು ಕೆಟ್ಟು ಬೀರುವಿನಲ್ಲಿವೆಯೆಂದು ಹೇಳುವ ಆಡಳಿತ ಮಂಡಳಿಗಳು ಅಪರೂಪ, ಕೇಳುವ ದಾನಿಗಳು ಇನ್ನೂ ಅಪರೂಪ. ಅಂದುಕೊಂಡ ಖರ್ಚಿಗಿಂತ ಹೆಚ್ಚಾಯಿತು, ಗುತ್ತಿಗೆದಾರನನ್ನು ಆರಿಸುವಲ್ಲಿ ಎಡವಿದೆವು ಎಂದು ಒಂದು ಸಂಸ್ಥೆ ಬರೆದರೆ ದಾನಿಗಳು ಕೈಬಿಡುತ್ತಾರೆಂಬ ಭಯವಿದೆ. ಕೆಲವರು ಬಿಡಲೂಬಹುದು. ಉಳಿದವರು ಮುಂದಿನ ಸಲ ಆ ಸಂಸ್ಥೆಯ ರಸೀದಿಯನ್ನು ಎರಡು ಸಲ ನೋಡದೆ ಜೇಬಿಗೆ ಹಾಕಿಕೊಳ್ಳುತ್ತಾರೆ. ವಿಶ್ವಾಸವೆಂಬುದರ ಲೌಕಿಕ ಬೆಲೆ ಇದೇ. ಅದಿದ್ದಲ್ಲಿ ಕಾವಲು ಕಡಿಮೆ ಸಾಕು. ಇಲ್ಲದ ಕಡೆ ಕಾವಲುಗಾರನಿಗೆ ಇನ್ನೊಬ್ಬ ಕಾವಲುಗಾರ ಬೇಕು.

ಧವನರ ಉದಾಹರಣೆಯನ್ನು ದುರುಪಯೋಗ ಮಾಡಿಕೊಳ್ಳುವುದೂ ಸಾಧ್ಯವೆಂಬುದನ್ನು ಇಲ್ಲಿ ಹೇಳಲೇಬೇಕು. ಕೈಕೆಳಗಿನವನನ್ನು ಕಾಪಾಡುವುದೇ ನಾಯಕತ್ವವೆಂದು ಭಾವಿಸಿ, ಮಗುವಿನ ಕೈಗೆ ಬರೆ ಬರುವಂತೆ ಹೊಡೆದ ಅಧ್ಯಾಪಕನನ್ನೋ, ಶುಲ್ಕದ ಹಣವನ್ನು ನುಂಗಿದ ಗುಮಾಸ್ತನನ್ನೋ ಬೆನ್ನ ಹಿಂದೆ ಅಡಗಿಸಿಕೊಳ್ಳುವ ಹಿರಿಯರಿದ್ದಾರೆ. ಕಲಾಂ ಅವರದು ಕೆಲಸ ಮಾಡುವಾಗ ಆದ ತಪ್ಪು. ಅದನ್ನು ಅವರು ಅಡಗಿಸಲಿಲ್ಲ. ಇವರದು ದುರುದ್ದೇಶದ ಅಥವಾ ಕ್ರೌರ್ಯದ ಕೃತ್ಯ, ಅಡಗಿಸಿದ ಕೃತ್ಯ. ಇವೆರಡನ್ನೂ ಒಂದೇ ಕೊಡೆಯ ಕೆಳಗೆ ತಂದರೆ, ನಿಜವಾಗಿ ಎಡವಿ ಒಪ್ಪಿಕೊಂಡವನಿಗೂ ಕಳ್ಳನಿಗೂ ಸಮಾನ ಗೌರವ ದೊರೆತಂತಾಗಿ, ಮುಂದಿನ ಸಲ ಒಪ್ಪಿಕೊಳ್ಳುವುದಕ್ಕೆ ಯಾರಿಗೂ ಕಾರಣವುಳಿಯುವುದಿಲ್ಲ.

ಕಲಾಂ ಅವರು 2002ರ ಜುಲೈ 25ರಂದು ರಾಷ್ಟ್ರಪತಿಗಳಾಗಿ ಅಧಿಕಾರ ಸ್ವೀಕರಿಸಿದರು. ಧವನರು ತೀರಿಕೊಂಡು ಆಗ ಏಳು ತಿಂಗಳೂ ಪೂರ್ತಿಯಾಗಿರಲಿಲ್ಲ. ಆ ವರ್ಷದ ಸೆಪ್ಟೆಂಬರ್ 5ರಂದು ಶ್ರೀಹರಿಕೋಟೆಯ ಉಡಾವಣಾ ಕೇಂದ್ರಕ್ಕೆ ಸತೀಶ್ ಧವನ್ ಅವರ ಹೆಸರನ್ನಿಡಲಾಯಿತು. ಅದು ನಮ್ಮ ದೇಶದಲ್ಲಿ ಶಿಕ್ಷಕರ ದಿನವೂ ಹೌದು. ದೇಶದ ಅತ್ಯುನ್ನತ ಸ್ಥಾನದಲ್ಲಿದ್ದಾಗಲೂ, ಅದನ್ನು ಬಿಟ್ಟ ಮೇಲೆಯೂ, ಕಲಾಂ ಅವರು ನಾಯಕತ್ವದ ವಿಷಯ ಬಂದಾಗಲೆಲ್ಲ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದುದು 1979ರ ಆಗಸ್ಟ್ 10ರ ಬೆಳಗಿನ ಕಥೆಯನ್ನು. ಗಣಕಯಂತ್ರ ಬೇಡವೆಂದಿತು, ತಾನು ಕೇಳಲಿಲ್ಲ ಎಂಬುದನ್ನು ಆ ಕಥೆಯಲ್ಲಿ ಅವರು ಮರೆಮಾಚುತ್ತಿರಲಿಲ್ಲ.